ಪಡಸಾಲೆಗೆ ಬಂದ ಗಂಡಸರು

ಹರಪನಹಳ್ಳಿ
೭-೨-೧೯೯೯

ಪ್ರೀತಿಯ ಗವಿಯಣ್ಣನಿಗೆ,

ಆರಾಮಾಗಿದ್ದೀಯಲ್ಲ? ಲಾರಿ ಎತ್ತುವ ಜಾಕಿ ಜಾರಿ ಬೆರಳಿಗೆ ಆದ ಗಾಯ ಮಾಯಿತೇ? ಬರೀ ಅರಿಶಿನ ಮೆತ್ತಿ ಸುಮ್ಮನಾಗಬೇಡ, ದವಾಖಾನೆಗೆ ಹೋಗು. ಅವ್ವನ ಮಂಡಿನೋವು ಇದ್ದಂತೆಯೇ ಇದೆ.

ಈ ವರ್ಷ ಕಾಲೇಜಿನಲ್ಲಿ ನಮಗೊಂದು ಹಳೆಯ ಇಂಗ್ಲಿಷ್ ಕಾದಂಬರಿ ಪಾಠಕ್ಕಿದೆ. ಅದರ ಗಂಡಸರು, ಅವರ ಸ್ಥಾನಮಾನ, ಇದರ ಮೇಲೆ ಬರೆದು ತರಲು ಸರ್ ಹೇಳಿದ್ದಾರೆ. ಓದುತ್ತ ಓದುತ್ತ ಹೇಸಿಗೆಯಾಯಿತು ಅಣ್ಣ. ಗಂಡಸು ಹೊಸ್ತಿಲು ದಾಟುವ ಮೊದಲೇ ಅವನ ಆಸ್ತಿಯ ಸುದ್ದಿ ಒಳಗೆ ಬಂದು ಕೂತಿರುತ್ತದೆ. ಉಳ್ಳವನ ಸೊಕ್ಕಿಗೆ ಗಾಂಭೀರ್ಯ ಎಂದು ಹೆಸರು. ದುಡಿದು ತಿನ್ನುವವನ ಮಾತು ಬಂದರೆ ಮಾತ್ರ ಎಲ್ಲರಿಗೂ ಮುಸಿಮುಸಿ ನಗು. ಅದು ಅಲ್ಲಿಯವರ ಹುಚ್ಚು, ನಮಗೇನು ಅಂದುಕೊಂಡಿದ್ದೆ.

ಗುರುವಾರ ಕೊಟ್ಟೂರಿನವರು ನನ್ನನ್ನು ನೋಡಲು ಬಂದರು. ಎಣ್ಣೆ ಮಿಲ್ಲಿನ ಮನೆತನ, ಇಲ್ಲೇ ನಮ್ಮ ತಾಲೂಕಿನ ಅರಸೀಕೆರೆ ಕಡೆ ಹೊಲ. ಮಾತೆಲ್ಲ ಹುಡುಗನ ದೊಡ್ಡಪ್ಪ ನಾಗೇಂದ್ರಪ್ಪನದೇ. ಒಗ್ಗರಣೆ ಮಂಡಕ್ಕಿ ಮುಕ್ಕುತ್ತ, ಕೈಯ ಎಣ್ಣೆಯನ್ನು ನಮ್ಮ ದಿಂಬಿಗೆ ಒರೆಸುತ್ತ, "ಹುಡುಗಿ ಅಣ್ಣ ಏನ್ ಮಾಡ್ತಾನ್ರಿ?" ಎಂದ. ನಮ್ಮ ಸೋದರಮಾವ ಮರುಳಪ್ಪ ಕಣ್ಣು ಮಿಟುಕಿಸದೆ, "ದುರ್ಗದಾಗ ಎಂಜಿನಿಯರ್ ಅದಾನ್ರಿ" ಎಂದುಬಿಟ್ಟ. ಅಪ್ಪ ನೆಲ ನೋಡಿದ. ಹುಡುಗ ಕೈಗಡಿಯಾರ ನೋಡಿದ.

ನನಗೆ ತಡೆಯಲಾಗಲಿಲ್ಲ. "ಇಲ್ರಿ, ನಮ್ಮಣ್ಣ ಖಲಂದರ ಸಾಬ್ರ ಗ್ಯಾರೇಜಿನಾಗ ಲಾರಿ ಮೆಕ್ಯಾನಿಕ್ ಅದಾನ. ನಾನು ಓದಾಕತ್ತಿದ್ದೂ ಅವನ ದುಡಿಮಿಮ್ಯಾಲ" ಎಂದೆ.

ನಾಗೇಂದ್ರಪ್ಪ ತಟ್ಟೆ ಕೆಳಗಿಟ್ಟ. "ಗ್ರೀಸ್ ಬಳಿಯೋ ಕೆಲಸ, ಅದೂ ಸಾಬ್ರ ಕೈಕೆಳಗ. ನಮ್ಮ ಮಂದಿ ಮುಂದ ಏನಂತ ಹೇಳೂದ್ರಿ?" ಎಂದು ಎದ್ದ.

ಅವರು ಹೋದ ಮೇಲೆ ಮಾವ ಬೈದದ್ದು ನನಗೇ: "ಬಾಯಿ ಮುಚ್ಕೊಂಡಿದ್ರ ಏನ್ ಹೋಗ್ತಿತ್ತು ನಿಂದು?" ಅವ್ವ ಎಂಜಲು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಮಾತ್ರ ಕೂತಲ್ಲೇ ಕೂತಿದ್ದ. ನಿಜ ಹೇಳುತ್ತೇನೆ, ಬಂದವರ ಮಾತಿಗಿಂತ ಅಪ್ಪನ ಮೌನಕ್ಕೇ ನನಗೆ ವಾಕರಿಕೆ ಬಂತು. ಹೀಗೆ ಬರೆದೆನೆಂದು ಸಿಟ್ಟಾಗಬೇಡ. ಅಪ್ಪನನ್ನು ಹಾಗೆ ನೋಡಬೇಕಾಯಿತಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಖಲಂದರ ಸಾಬರಿಗೂ ಅವರ ಮನೆಯಾಕೆಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ
ಗೀತಾಂಜಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಬಂದ. ಕೊಟ್ಟೂರಿನವರು ಒಪ್ಪಿದ್ದಾರಂತೆ, ಆದರೆ ಮದುವೆಯಲ್ಲಿ ನೀನು ಕಾಣಿಸಿಕೊಳ್ಳಬಾರದಂತೆ. ಅಪ್ಪ "ಆತು" ಅಂದ. ನಾನು ಒಲ್ಲೆ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಮುಂದಿನ ಸೋಮವಾರ ನಿಶ್ಚಯ. ಅಷ್ಟರೊಳಗೆ ಬಾ. ನೀನು ಬರದಿದ್ದರೆ ನಾನೇ ಮೊದಲ ಬಸ್ಸು ಹಿಡಿದು ದುರ್ಗಕ್ಕೆ ಬರುತ್ತೇನೆ. ನನ್ನ ಬಟ್ಟೆ ಚೀಲಕ್ಕೆ ತುಂಬಿಟ್ಟವಳು ಅವ್ವ.