ಗುಡ್ಡದ ಮೇಲಿನ ಹನ್ನೊಂದು ನಿಮಿಷ

ರಸ್ತೆ ಸಂಚಾರ ಕಚೇರಿಯ ದೊಡ್ಡ ಸಾಹೇಬರೇ,

ನಿಮ್ಮ ಕಚೇರಿಯ ಹಿಂದಿನ ಗೋದಾಮಿನಲ್ಲಿ ನನ್ನ ವೈರ್‌ಲೆಸ್ ಸೆಟ್ಟು ಮತ್ತು ಅದರ ಹೆಡ್‌ಸೆಟ್ಟು ನಲವತ್ತೇಳು ದಿನಗಳಿಂದ ಬಿದ್ದಿವೆ. ಅವು ಈ ತಿಂಗಳ ಕೊನೆಯೊಳಗೆ ನನಗೆ ವಾಪಸ್ ಬೇಕು. ಐದು ಸಲ ಅರ್ಜಿ ಕೊಟ್ಟಾಯಿತು. ಅರ್ಜಿಗಳು ನಿಮ್ಮ ಮೇಜಿನ ತನಕ ನಡೆದು ಬರುವಷ್ಟು ಗಟ್ಟಿಯಾಗಿಲ್ಲ ಎಂದು ಗೊತ್ತಾಗಿ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ಕ್ಲಾಸು. ತಪ್ಪು ಕಂಡರೆ ತಿದ್ದಿ, ತಿದ್ದುವ ನೆಪದಲ್ಲಾದರೂ ಪೂರ್ತಿ ಓದಿದ ಹಾಗಾಗುತ್ತದೆ.

ನಾನು ಲಾಂಡ್ರಿ ವ್ಯಾನಿನ ಡ್ರೈವರ್. ಬೆಳಿಗ್ಗೆ ಆರೂವರೆಗೆ ಒಗೆದು ಮಡಿಸಿದ ಬೆಡ್‌ಶೀಟಿನ ಗಂಟುಗಳನ್ನು ಹೇರಿಕೊಂಡು ಹೊರಟರೆ ಮೂರು ಆಸ್ಪತ್ರೆ, ಒಂಬತ್ತು ಲಾಡ್ಜು ಮುಗಿಸಿ, ಅವರ ಕೊಳೆ ಬಟ್ಟೆ ತುಂಬಿಕೊಂಡು ಸಂಜೆಗೆ ವಾಪಸ್. ಹನ್ನೆರಡು ಬಾಗಿಲಲ್ಲೂ ನನ್ನನ್ನು ನೋಡಿ "ಲಾಂಡ್ರಿ ಬಂತು" ಅನ್ನುತ್ತಾರೆ. ಗಂಟು ಎಣಿಸುತ್ತಾರೆ, ಸಹಿ ಹಾಕುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಇದಕ್ಕೂ ಮುಂಚೆ ನಾಲ್ಕು ಕೆಲಸ ಹಿಡಿದು ನಾಲ್ಕನ್ನೂ ಬಿಟ್ಟವನು ನಾನು, ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಈ ಕೆಲಸದಲ್ಲಿ ಮೂರು ವರ್ಷ ನಿಂತಿದ್ದೇನೆ ಅಂದರೆ ಅದಕ್ಕೆ ಆ ಸೆಟ್ಟೇ ಕಾರಣ.

ಇದನ್ನು ಹವ್ಯಾಸಿ ರೇಡಿಯೋ ಅನ್ನುತ್ತಾರೆ ಸಾಹೇಬರೇ. ಕದ್ದುಮುಚ್ಚಿ ಮಾಡುವ ವ್ಯವಹಾರವಲ್ಲ. ಸರ್ಕಾರವೇ ಪರೀಕ್ಷೆ ಇಟ್ಟು, ಲೈಸೆನ್ಸ್ ಕೊಟ್ಟು, ಗಾಳಿಯಲ್ಲಿ ಕರೆಯಲು ನಮಗೊಂದು ಸಂಕೇತ ಕೊಡುತ್ತದೆ. ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ನನ್ನ ಆಯುಷ್ಯದಲ್ಲಿ ನಾನಾಗಿಯೇ ಬೇಕೆಂದು ಕೂತು ಬರೆದ ಪರೀಕ್ಷೆ ಅದೊಂದೇ. ದಿನಾ ಬೆಳಿಗ್ಗೆ ಏಳೂ ಕಾಲಿಗೆ ನಮ್ಮ ಗುಂಪಿನ ಹಾಜರಿ. ಕರೆಯುವವರು ಒಬ್ಬ ರಿಟೈರಾದ ಟೀಚರ್. ಪಟ್ಟಿಯಲ್ಲಿ ಏಳು ಜನ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೆ ಟೀಚರ್ ಮನೆಯ ಫ್ಯಾನು ಯಾವ ಸುತ್ತಿನಲ್ಲಿ ಕಿರ್ ಅನ್ನುತ್ತದೆ ಎಂದು ನನಗೆ ಗೊತ್ತು. ನನ್ನ ಬೆನ್ನ ಹಿಂದಿನ ಬಟ್ಟೆ ಗಂಟುಗಳು ಸದ್ದನ್ನೆಲ್ಲ ಹೀರಿಕೊಳ್ಳುವುದರಿಂದ ನನ್ನ ದನಿಯೇ ಎಲ್ಲರಿಗಿಂತ ಚೊಕ್ಕವಂತೆ. "ನೀನು ವ್ಯಾನಲ್ಲಿದೀಯೋ ಸ್ಟುಡಿಯೋದಲ್ಲಿದೀಯೋ?" ಎಂದು ಟೀಚರ್ ಕೇಳುತ್ತಿದ್ದರು. ಒಮ್ಮೆ ಹೆಬ್ಬೆರಳು ಮಾತಾಡುವ ಗುಂಡಿಯ ಮೇಲಿರುವುದು ಮರೆತು ಅಡ್ಡ ಬಂದ ಲಾರಿಯವನಿಗೆ ಬೈದುಬಿಟ್ಟೆ. "ಹಾಜರಿ ಪುಸ್ತಕದಲ್ಲಿ ಇದನ್ನೂ ಬರ್ಕೊಳ್ಳಲೇನಪ್ಪಾ?" ಎಂದರು. ವಾರವಿಡೀ ನಾಚಿಕೆಯಾಗಿತ್ತು. ನನ್ನನ್ನು ಬೈಯಲೂ ಒಬ್ಬರಿದ್ದಾರೆ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಏಳು ಜನರಲ್ಲಿ ಒಬ್ಬರಿಗೆ ನಾವು ಪಂಪ್‌ಹೌಸ್ ಅಣ್ಣ ಅನ್ನುತ್ತೇವೆ. ಗುಡ್ಡದ ಆಚೆ, ಫೋನಿನ ಸಿಗ್ನಲ್ಲೇ ಸಿಗದ ಕಣಿವೆಯಲ್ಲಿ, ನೀರೆತ್ತುವ ಪಂಪುಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಅವರ ಕೈಲಿರುವುದು ಅಂಗೈಯಗಲದ ಸೆಟ್ಟು, ಅದರ ದನಿ ಗುಡ್ಡ ದಾಟಿ ಟೀಚರ್ ತನಕ ಹೋಗುವುದಿಲ್ಲ. ನನ್ನ ವ್ಯಾನು ಗುಡ್ಡದ ಮೇಲಿರುವ ಹನ್ನೊಂದು ನಿಮಿಷ ಮಾತ್ರ ನನಗೆ ಅವರೂ ಕೇಳಿಸುತ್ತಾರೆ, ಟೀಚರೂ ಕೇಳಿಸುತ್ತಾರೆ. ಆದ್ದರಿಂದ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. ಅವರು "ಇದ್ದೀನಿ. ಮಂಜು ಜಾಸ್ತಿ. ಮೊಣಕಾಲು ಹಾಗೇ ಇದೆ" ಅಂದರೆ ನಾನು "ಇದಾರಂತೆ ಟೀಚರ್. ಮಂಜಂತೆ. ಮೊಣಕಾಲು ಹಾಗೇ ಇದೆಯಂತೆ" ಅನ್ನುತ್ತೇನೆ. ಟೀಚರ್ "ಎಣ್ಣೆ ಹಚ್ಚಿದ್ರಾ ಕೇಳು" ಅನ್ನುತ್ತಾರೆ. ಇಷ್ಟೇ ನಮ್ಮ ದೇಶದ್ರೋಹ.

ನಲವತ್ತೇಳು ದಿನದ ಕೆಳಗೆ ಗುಡ್ಡ ಇಳಿಯುವ ತಿರುವಿನಲ್ಲಿ ನಿಮ್ಮವರು ಕೈ ಅಡ್ಡ ಹಿಡಿದರು. ನಿಲ್ಲಿಸಿದೆ. ಅಣ್ಣನ ಮಾತು ಇನ್ನೂ ಅರ್ಧ ದಾಟಿಸುವುದಿತ್ತು, ಮುಗಿಸುವಾಗ ನನ್ನ ಸಂಕೇತ ಹೇಳಲೇಬೇಕೆಂದು ಲೈಸೆನ್ಸಿನ ನಿಯಮವೂ ಇದೆ. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು "ಸ್ಟ್ಯಾಂಡ್‌ಬೈ ಸಾರ್, ಒಂದು ನಿಮಿಷ." ನಮ್ಮಲ್ಲಿ ಅದು ಸ್ವಲ್ಪ ಕಾಯಿರಿ ಎನ್ನುವ ಮರ್ಯಾದೆಯ ಮಾತು.

"ನಂಗೇ ಸ್ಟ್ಯಾಂಡ್‌ಬೈ ಅಂತೀಯಾ? ಇಳಿಯೋ ಕೆಳಗೆ!"

"ಸಾರ್, ಇದು ಫೋನಲ್ಲ ಸಾರ್, ಲೈಸೆನ್ಸ್ ಇದೆ."

"ಫೋನಲ್ದಿದ್ರೆ ಇನ್ನೂ ದೊಡ್ಡ ಕೇಸು!"

ಇಷ್ಟು ಹೇಳುವಾಗ ಅವರ ಸ್ವಂತ ಫೋನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಸಿಕ್ಕಿಕೊಂಡಿತ್ತು, ಆ ಕಡೆಯಿಂದ ಯಾರೋ ಮಾತಾಡುತ್ತಲೇ ಇದ್ದರು. ಅದರ ಮೇಲೆ ಯಾವ ಕೇಸೂ ಬಿದ್ದಂತಿಲ್ಲ.

ಹಾಗಾದರೆ ಗಾಡಿ ಓಡಿಸುತ್ತಾ ಮಾತಾಡುವುದು ಸರಿಯೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ, ನನ್ನನ್ನು ನಾನೂ ಕೇಳಿಕೊಂಡಿದ್ದೇನೆ. ನನ್ನ ಹೆಡ್‌ಸೆಟ್ಟಿಗೆ ವೈರಿಲ್ಲ, ಅದು ಒಂದೇ ಕಿವಿಗೆ, ಇನ್ನೊಂದು ಕಿವಿ ಹಾರ್ನಿಗೆ ಮೀಸಲು. ಮಾತಾಡುವ ಗುಂಡಿ ಸ್ಟಿಯರಿಂಗಿಗೇ ಕಟ್ಟಿದೆ, ಒತ್ತಲು ಕೈ ಎತ್ತಬೇಕಿಲ್ಲ. ಫೋನಿನಲ್ಲಿ ಮಾತು ನಿಲ್ಲಿಸಿದರೆ ಆ ಕಡೆಯವರು "ಹಲೋ, ಹಲೋ, ಯಾಕೆ ಸುಮ್ನಾದೆ?" ಎಂದು ಜೀವ ತಿನ್ನುತ್ತಾರೆ. ರೇಡಿಯೋದಲ್ಲಿ ತಿರುವು ಬಂದರೆ ಮಾತಿನ ನಡುವೆಯೇ ಬಿಡಬಹುದು, ಯಾರೂ ಮುನಿಸಿಕೊಳ್ಳುವುದಿಲ್ಲ, ಕಾಯುತ್ತಾರೆ. ಕಾಯುವುದೇ ನಮ್ಮ ವಿದ್ಯೆ. ಆದರೂ ಇದು ಅಪಾಯ ಎಂದು ನಿಮಗೆ ಅನಿಸಿದರೆ ಕೂತು ನಿಯಮ ಬರೆಯಿರಿ, ಪಾಲಿಸುತ್ತೇನೆ. ಬರೆಯದ ನಿಯಮಕ್ಕೆ ನನ್ನ ಸೆಟ್ಟನ್ನು ಜೈಲಿಗೆ ಹಾಕಿದರೆ ಹೇಗೆ? "ಸೈಡಿಗೆ ನಿಲ್ಲಿಸಿ ಮಾತಾಡು" ಎಂದು ನಿಮ್ಮವರು ಬುದ್ಧಿ ಹೇಳಿದರು. ಆ ಹನ್ನೊಂದು ನಿಮಿಷದ ದಾರಿಯಲ್ಲಿ ನಿಲ್ಲಿಸಬಾರದು ಎಂಬ ಬೋರ್ಡು ಆರು ಕಡೆ ಇದೆ. ಆರರ ಕೆಳಗೂ ನಿಮ್ಮದೇ ಕಚೇರಿಯ ಹೆಸರಿದೆ.

ದಂಡ ಕಟ್ಟಿದೆ. ಸೆಟ್ಟು ಬರಲಿಲ್ಲ. ನಿಮ್ಮ ಮೂರನೇ ಕಿಟಕಿಯ ಮೇಡಂ ಒಳ್ಳೆಯವರೇ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿಯೇ ತೋರಿಸಿದರು.

"ನೋಡಪ್ಪಾ, ಜಪ್ತಿ ಸಾಮಾನಿಗೆ ಇಲ್ಲಿ ಎರಡೇ ಕಾಲಂ ಇರೋದು. ಒಂದು ಫೋನು, ಇನ್ನೊಂದು ಇತರೆ."

"ಇತರೆ ಹಾಕಿ ಮೇಡಂ."

"ಇತರೆ ಹಾಕಿದ್ರೆ ದೊಡ್ಡ ಸಾಹೇಬ್ರ ಸಹಿ ಬೇಕು."

"ಸಾಹೇಬ್ರು ಯಾವಾಗ ಸಿಗ್ತಾರೆ?"

"ಅಯ್ಯೋ, ನಾನು ಈ ಸೀಟಿಗೆ ಬಂದು ಎರಡು ವರ್ಷ ಆಯ್ತು. ನಾನೇ ನೋಡಿಲ್ಲ."

ವೈರ್‌ಲೆಸ್ ಇಲಾಖೆಗೂ ಹೋಗಿ ಬಂದೆ. ನಮ್ಮದೇನೂ ಆಕ್ಷೇಪಣೆ ಇಲ್ಲ ಎಂದು ಬರೆದುಕೊಟ್ಟರು. ಆ ಕಾಗದವನ್ನೂ ನಿಮ್ಮವರು ತೆಗೆದಿಟ್ಟುಕೊಂಡಿದ್ದಾರೆ, ಬಹುಶಃ ಸೆಟ್ಟಿಗೆ ಜೊತೆ ಇರಲಿ ಎಂದು. ಇನ್ನೊಂದು ಸೆಟ್ಟು ಕೊಳ್ಳುವ ಶಕ್ತಿ ನನಗಿಲ್ಲ. ಇದ್ದರೂ, ಕೇಸು ಮುಗಿಯುವವರೆಗೆ ವ್ಯಾನಿನಲ್ಲಿ ಒಂದು ವೈರೂ ಕಾಣಬಾರದು ಎಂದು ಮಾಲೀಕರು ಹೇಳಿಬಿಟ್ಟಿದ್ದಾರೆ.

ಹಾಗಾಗಿ ಈಗ ದಿನಾ ಸುಮ್ಮನೆ ಗುಡ್ಡ ಹತ್ತುತ್ತೇನೆ. ಏಳು ಇಪ್ಪತ್ತಾಗುತ್ತದೆ. ಕೆಳಗೆ ಕಣಿವೆಯಲ್ಲಿ ಅಣ್ಣ ನನ್ನನ್ನು ಕರೆಯುತ್ತಿರುತ್ತಾರೆ. ಆ ದನಿ ನನ್ನ ವ್ಯಾನಿನ ತಗಡನ್ನು ದಾಟಿ, ಬಟ್ಟೆ ಗಂಟುಗಳನ್ನು ದಾಟಿ, ನನ್ನ ಮೈಯನ್ನೂ ದಾಟಿ ಹೋಗುತ್ತಿರುತ್ತದೆ. ನನಗೆ ಕೇಳಿಸುವುದು ಟಯರಿನ ಸದ್ದೊಂದೇ.

ತಿಂಗಳಿಗೊಂದು ಭಾನುವಾರ ನನಗೆ ರಜೆ. ಹೋದ ಭಾನುವಾರ ಕಣಿವೆಗೆ ಇಳಿದೆ. ಗಾಡಿ ಹೋಗುವ ದಾರಿಯಲ್ಲ, ಎರಡೂವರೆ ಗಂಟೆ ನಡಿಗೆ. ದನಿ ಕೇಳಿ ಭಾರಿ ಆಳು ಅಂದುಕೊಂಡಿದ್ದೆ. ಬಾಗಿಲು ತೆರೆದವರು ನನ್ನ ಭುಜದಷ್ಟಿದ್ದರು. ನನ್ನ ಸಂಕೇತ ಹೇಳಿದೆ. "ನೀನಾ? ಇಷ್ಟು ಚಿಕ್ಕವನಾ?" ಎಂದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. "ದಾರಿ ಸರಿಯಾಗಿತ್ತಾ?" ಎಂದರು. "ಹೂಂ ಅಣ್ಣ" ಎಂದೆ. ಅಲ್ಲಿಗೆ ಇಬ್ಬರ ಮಾತೂ ಮುಗಿಯಿತು. ಮೂರು ವರ್ಷ ದಿನಾ ಮಾತಾಡಿದವರು ಅರ್ಧ ಗಂಟೆ ನೆಲ ನೋಡುತ್ತಾ ಕೂತೆವು. ಕೊನೆಗೆ ಅವರೇ ಎದ್ದರು.

"ತಪ್ಪು ತಿಳ್ಕೋಬೇಡ ಮರಿ. ಮುಖ ನೋಡ್ತಾ ಮಾತಾಡೋದು ನಂಗೆ ರೂಢಿ ತಪ್ಪೋಗಿದೆ. ನೀನು ಆಚೆ ರೂಮಲ್ಲಿ ಕೂತ್ಕೊಂತೀಯಾ?"

ಸ್ಪ್ಯಾನರುಗಳನ್ನು ನೇತುಹಾಕಿದ್ದ ಪಕ್ಕದ ಕೋಣೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಗೋಡೆಯಾಚೆಯಿಂದ ನನಗೆ ಪರಿಚಯವಿದ್ದ ಅಣ್ಣ ಮಾತಾಡತೊಡಗಿದರು.

"ಮೊದಲ್ನೇ ವಾರ ನಿಂಗೆ ಆಕ್ಸಿಡೆಂಟ್ ಆಗಿದೆ ಅಂದ್ಕೊಂಡೆ. ಎರಡನೇ ವಾರ ಕೆಲಸ ಬಿಟ್ಟೆ ಅಂದ್ಕೊಂಡೆ. ಆಮೇಲೆ, ನಾನೇ ಏನೋ ಅಂದು ನಿನ್ನ ಮನಸ್ಸು ನೋಯಿಸಿರ್ಬೇಕು ಅಂದ್ಕೊಂಡೆ. ಏನಂದಿದ್ದೆ ಅಂತ ದಿನಾ ನೆನಪು ಮಾಡ್ಕೊಳ್ತಿದ್ದೆ."

ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಣ್ಣ ಹೇಳಿದರು.

"ಈ ತಿಂಗಳು ಮುಗಿಯೋವರೆಗೂ ಕರೀತೀನಿ. ಆಮೇಲೆ ಸೆಟ್ಟು ಯಾರಿಗಾದ್ರೂ ಕೊಟ್ಬಿಡ್ತೀನಿ. ಪಟ್ಟೀಲಿ ನನ್ನ ಹೆಸರು ಹೊಡೆದು ಹಾಕೋಕೆ ಟೀಚರ್‌ಗೆ ಹೇಳ್ಬಿಡು. ಗೋಡೆ ಜೊತೆ ಎಷ್ಟು ದಿನ ಮಾತಾಡೋದು ಹೇಳು."

ಮಾತಾಡುವ ಗುಂಡಿ ಅಲ್ಲೇ ಇದೆಯೇನೋ ಎಂಬಂತೆ ನನ್ನ ಹೆಬ್ಬೆರಳು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

ಸಾಹೇಬರೇ, ತಿಂಗಳು ಮುಗಿಯಲು ಹನ್ನೆರಡು ದಿನ ಇದೆ. ಸಹಿ ಹಾಕಿ, ಸೆಟ್ಟು ಕೊಡಿ. ಕೊಡುವುದಿಲ್ಲ ಎಂದಾದರೆ ಕಾರಣ ಬರೆದು ಕೊಡಿ. ಅದೂ ಆಗದಿದ್ದರೆ ಒಂದು ದಿನ ನನ್ನ ವ್ಯಾನಿಗೆ ಬನ್ನಿ, ಪಕ್ಕದ ಸೀಟು ಯಾವಾಗಲೂ ಖಾಲಿಯೇ ಇರುತ್ತದೆ. ಸೆಟ್ಟು ನಿಮ್ಮ ತೊಡೆಯ ಮೇಲೇ ಇರಲಿ, ನಾನು ಮುಟ್ಟುವುದಿಲ್ಲ. ಏಳು ಇಪ್ಪತ್ತಕ್ಕೆ ಸುಮ್ಮನೆ ಆನ್ ಮಾಡಿ. ಅವರು ಮೂರು ಸಲ ಕರೆದು, ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ. ಕೇಳಿಸಿಕೊಂಡ ಮೇಲೂ ಸುಮ್ಮನೆ ಕೂರಲು ನಿಮ್ಮಿಂದ ಸಾಧ್ಯವಾದರೆ, ಸೆಟ್ಟು ನೀವೇ ಇಟ್ಟುಕೊಳ್ಳಿ.

ಇಂತಿ,
ಎರಡು ಕೈಯೂ ಸ್ಟಿಯರಿಂಗ್ ಮೇಲಿದ್ದು, ಎರಡು ಕಿವಿಯೂ ಖಾಲಿಯಿರುವ, ನಿಮ್ಮ ಲೆಕ್ಕದಲ್ಲಿ ಈಗ ಪೂರ್ತಿ ಸುರಕ್ಷಿತನಾದ
ಒಬ್ಬ ಡ್ರೈವರ್