ಗಣಕಯಂತ್ರದ ಮುಂದಿನ ಕುರ್ಚಿ

ಬೇಲೂರು
೧೮ ಜನವರಿ ೨೦೨೪

ಚಿರಂಜೀವಿ ಹಿತಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು ಊರು ಬಿಟ್ಟು ಐದು ವಾರಗಳಾದವು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹೆಸರಿನ ಹಿಂದೆ ವಾಡಿಕೆಯಂತೆ ‘ಸೌಭಾಗ್ಯವತಿ’ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಅಮ್ಮ ಕ್ಷೇಮ. ನನ್ನೊಡನೆ ಮಾತು ಕಡಿಮೆ.

ನಿನ್ನೆ ಬಸ್ ನಿಲ್ದಾಣದ ಬಳಿಯ ಅಂಗಡಿಯ ಲಕ್ಷ್ಮೀಶನಿಂದ ನಮ್ಮ ಗಣಕಯಂತ್ರವನ್ನು ಪರೀಕ್ಷೆ ಮಾಡಿಸಿದೆ. ವೈರಸ್ ತಡೆಯುವ ತಂತ್ರಾಂಶವನ್ನು ಯಾರೋ ನಿಲ್ಲಿಸಿದ್ದರು. ನೀನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಕದ್ದು ಬೇರೆಡೆಗೆ ಕಳುಹಿಸುವ ಗೂಢಚಾರ ತಂತ್ರಾಂಶವೊಂದು ಒಳಗೆ ಅಡಗಿತ್ತು.

“ಇದು ತಾನಾಗೇ ಬಂದಿರೋದಲ್ಲ ಮೇಷ್ಟ್ರೇ. ಯಾರೋ ಇದೇ ಕುರ್ಚಿ ಮೇಲೆ ಕೂತ್ಕೊಂಡು ಹಾಕವ್ರೆ,” ಎಂದ.

ಆದ್ದರಿಂದ ಗೆಳತಿ ಸಿರಿಯ ಮೇಲಿನ ಸಿಟ್ಟನ್ನು ಬಿಡು. ಗಂಡ ಮುರಳೀಕೃಷ್ಣನ ಏಟಿಗೆ ಹೆದರಿ ತವರಿಗೆ ಬಂದಿದ್ದ ನೀನು, ಅರಸೀಕೆರೆಯ ಶಾಲೆಯಲ್ಲಿ ಕೆಲಸ ಸಿಕ್ಕ ಸುದ್ದಿಯನ್ನು ಅವಳೊಬ್ಬಳಿಗೇ ಬರೆದಿದ್ದೆ, ನಿಜ. ನೀನು ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಅವನು ಆ ಶಾಲೆಯ ಅಂಗಳಕ್ಕೆ ಬಂದು, ಮಕ್ಕಳೆದುರಿಗೆ ನಿನ್ನ ಮೇಲೆ ಕೈ ಮಾಡಿದಾಗ, ಅವಳೇ ಗುಟ್ಟು ಬಿಟ್ಟುಕೊಟ್ಟಳೆಂದು ನೀನು ತಿಳಿದೆ. ಕೆಲಸವನ್ನೂ ಬಿಟ್ಟು ಹೊರಟುಹೋದೆ. ಸಿರಿ ಎರಡು ಸಲ ನಮ್ಮ ಜಗಲಿಗೆ ಬಂದು, “ನಾನು ಯಾರ್ಗೂ ಹೇಳಿಲ್ಲ ಅಂಕಲ್. ಹಿತಾ ನನ್ನ ಫೋನೇ ಎತ್ತಲ್ಲ,” ಎಂದು ಅತ್ತಳು. ನೀರು ಕೊಟ್ಟು ಕಳುಹಿಸಿದೆ.

ಲಕ್ಷ್ಮೀಶ ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿಕೊಟ್ಟಿದ್ದಾನೆ. ನೀನು ಬೇರೆ ಯಂತ್ರದಲ್ಲಿ ಕುಳಿತು ನಿನ್ನ ಗುಪ್ತಪದಗಳನ್ನೆಲ್ಲ ಬದಲಾಯಿಸು. ಯಾರಿಗೂ ಹೇಳಬೇಡ, ನನಗೂ ಬೇಡ.

ಭಗವಂತ ನಿನ್ನನ್ನು ಕಾಪಾಡಲಿ. ನಿನ್ನ ಬಾಗಿಲಿನ ಚಿಲಕ ಗಟ್ಟಿಯಾಗಿರಲಿ.

ಇಂತು,
ಗೋಪಾಲಸ್ವಾಮಿ

ಪುನಶ್ಚ: ಕುರ್ಚಿಯಲ್ಲಿ ಕುಳಿತವನು ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಲಕ್ಷ್ಮೀಶ ಬೇರೆ ಯಾವುದಾದರೂ ವೈರಸ್ಸಿನ ಹೆಸರು ಹೇಳಲಿ ಎಂದು ಕಾದೆ. ದೀಪಾವಳಿಗೆ ಅಳಿಯನನ್ನು ಕರೆಯದಿದ್ದರೆ ಊರು ಏನೆಂದೀತೆಂದು, ನೀನೂ ಅಮ್ಮನೂ ಹಳೇಬೀಡಿಗೆ ಹೋಗಿದ್ದ ದಿನ ನಾನೇ ಅವನನ್ನು ಕರೆಸಿ ಪಂಚೆ, ಶಲ್ಯ ಕೊಟ್ಟೆ. “ಅವಳು ಯಾರಿಗೆ ಏನು ಬರೀತಾಳೆ ಅಂತ ಗೊತ್ತಾದ್ರೆ ಸಾಕು ಮಾವ, ಸಮಾಧಾನ ಮಾಡಿ ಕರ್ಕೊಂಡ್ಹೋಗ್ತೀನಿ,” ಎಂದ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ನೀನು ನಂಬಿ ಹೇಳಿದ್ದ ಗುಪ್ತಪದವನ್ನೂ ಕೊಟ್ಟೆ. ನೀನು ಗಂಡನ ಮನೆಗೆ ಹಿಂದಿರುಗಿದರೆ ಸಾಕಾಗಿತ್ತು ನನಗೆ.

ನಿನ್ನ ಈಗಿನ ವಿಳಾಸ ಅಮ್ಮನಿಗೆ ಮಾತ್ರ ಗೊತ್ತು. ಲಕೋಟೆಯ ಮೇಲೆ ಅವಳು ಅದನ್ನು ಬರೆಯುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ.