ಹನ್ನೊಂದು ಸೆಕೆಂಡಿನ ವಿಡಿಯೊ

ಜನವರಿ 8, ಬುಧವಾರ

ಒಂಬತ್ತಕ್ಕೆ ಕ್ಲಿನಿಕ್ಕಿನ ಷಟರ್ ಎತ್ತಿದೆ. ಮ್ಯಾಟ್ ಒರೆಸಿದೆ. ದೊಡ್ಡ ಬಾಲ್‌ಗೆ ಗಾಳಿ ಹೊಡೆದೆ — ದಿನಾ ಇಳಿಯುತ್ತೆ, ಎಲ್ಲೋ ಸಣ್ಣ ತೂತಿದೆ. ಪಕ್ಕದ ಗೊಬ್ಬರದಂಗಡಿ ವಾಸನೆಗೆ ಎರಡು ಊದುಬತ್ತಿ ಹಚ್ಚಿದೆ. ಹನ್ನೆರಡಾದರೂ ಒಂದು ಮಗುವೂ ಇಲ್ಲ.

ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, "ಮೈಸೂರ್ ಆಸ್ಪತ್ರೇಲೇ ಇದ್ದಿದ್ರೆ ಇಷ್ಟೊತ್ಗೆ ಐದು ಮಕ್ಳ ನೋಡಿರೋಳು" ಅಂದಳು. ನಿಜ ಹೇಳುವವರ ಜತೆ ಏನಂತ ಜಗಳ ಮಾಡೋದು.

ಮಧ್ಯಾಹ್ನ ಒಬ್ಬರು ಬಂದರು. ಮಂಡಿನೋವು, ವಯಸ್ಸು ಅರವತ್ತೈದು. ಬೋರ್ಡಿನಲ್ಲಿ ಮಕ್ಕಳ ಫಿಸಿಯೋಥೆರಪಿ ಅಂತ ಇದೆಯಲ್ಲ ಅಂದೆ. "ನಾನೂ ನಮ್ಮವ್ವುನ್ಗೆ ಮಗನೇ ಕಣವ್ವ." ನಗು ಬಂತು. ನೋಡಿ ಕಳಿಸಿದೆ.

ಮೂರೂವರೆಗೆ ಗಗನ. ಬುಧವಾರ, ಶನಿವಾರ ತಪ್ಪದೆ ಬರುವ ಪೇಷಂಟ್ ಅಂದರೆ ಅವಳೊಬ್ಬಳೇ. ಪೂರಿಗಾಲಿಯಿಂದ ಮಳವಳ್ಳಿಗೆ ಬಸ್ಸು, ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಅಜ್ಜಿ ದೇವಿರಮ್ಮನ ಸೊಂಟ. ಏಳು ವರ್ಷ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟು. ಮಾತು ಪಟಪಟ, ಕಾಲು ಮಾತ್ರ ಕತ್ತರಿ ಹಾಕಿಕೊಂಡು ಬಿಗಿ. ಅವಳಮ್ಮ ವನಜಾಗೆ ಸೋಮನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ, ಬೆಳಗ್ಗೆ ಆರಕ್ಕೇ ವ್ಯಾನು ಹತ್ತುತ್ತಾಳೆ. ಹಾಗಾಗಿ ಎಲ್ಲ ಅಜ್ಜಿಯೇ.

ಅಜ್ಜಿ ನನ್ನ ಕ್ಲಿನಿಕ್ಕಿನ ಮೂರು ಮೆಟ್ಟಿಲು ಹತ್ತಿ, ಷಟರ್ ಹಿಡಿದು ನಿಂತು, ಉಸಿರು ಬಿಟ್ಟು, ಎಂದಿನ ಪ್ರಶ್ನೆ: "ಯಾವಾಗ ನಡೀತಾಳೆ ಮೇಡಮ್ಮು?"

ಎಂದಿನ ಉತ್ತರ: "ನೋಡೋಣ ಅಜ್ಜಿ."

ಜನವರಿ 25, ಶನಿವಾರ

ಗಗನ ನಿಂತಳು.

ಮಂಡಿಗೆ ಪಟ್ಟಿ ಕಟ್ಟಿ, ಸೊಂಟ ಹಿಡಿದು ನಿಲ್ಲಿಸಿದ್ದೆ. ಮೆಲ್ಲಗೆ ಕೈ ಬಿಟ್ಟೆ. ಹನ್ನೊಂದು ಸೆಕೆಂಡು. ಆಮೇಲೆ ಕಡಿದ ಬಾಳೆಗಿಡದ ಹಾಗೆ ನನ್ನ ಮೇಲೇ ಬಿದ್ದಳು. ಇಬ್ಬರೂ ಮ್ಯಾಟಿನ ಮೇಲೆ ಉರುಳಿ ನಕ್ಕಿದ್ದೇ ನಕ್ಕಿದ್ದು.

ಕಿಟಕಿಯಲ್ಲಿಟ್ಟ ಫೋನು ಎಲ್ಲ ಹಿಡಿದಿತ್ತು. ಒಟ್ಟು ಇಪ್ಪತ್ತಾರು ಸೆಕೆಂಡು. ಬೀಳೋದು ಯಾರಿಗೆ ಬೇಕು ಅಂತ, ನಿಂತ ಹನ್ನೊಂದು ಸೆಕೆಂಡು ಉಳಿಸಿಕೊಂಡು ಮಿಕ್ಕಿದ್ದು ಕಟ್ ಮಾಡಿದೆ. ವನಜಾಗೆ ಕಳಿಸಿ ಕೇಳಿದೆ. "ಹಾಕಿ ಮೇಡಂ, ನಾಕ್ ಜನ ನೋಡ್ಲಿ." ಸ್ಟೇಟಸ್ ಹಾಕಿದೆ. ಸುಳ್ಳೇನೂ ಅಲ್ಲವಲ್ಲ... ನಿಂತಿದ್ದು ನಿಜ.

ಫೆಬ್ರವರಿ 4, ಮಂಗಳವಾರ

ವಿಡಿಯೊ ನನ್ನ ಕೈ ಮೀರಿದೆ. ಮದ್ದೂರಿನ ಯಾವುದೋ ಗ್ರೂಪಿನಿಂದ ವಾಪಸ್ ನನಗೇ ಬಂತು. ಮೇಲೆ ಯಾರೋ ಬರೆದಿದ್ದಾರೆ: "ನಡೆಯದ ಮಗುವನ್ನು ನಡೆಸಿದ ಮಳವಳ್ಳಿಯ ಡಾಕ್ಟರ್ ಶೋಭಿತಾ."

ನಾನು ಡಾಕ್ಟರ್ ಅಲ್ಲ. ನಡೆಸಿಯೂ ಇಲ್ಲ. ತಿದ್ದಿ ಬರೆಯಲು ಕೂತೆ. ಅಷ್ಟರಲ್ಲಿ ಹೊಸ ನಂಬರಿನಿಂದ ಫೋನು, ಮಂಡ್ಯದಿಂದ. ಆಮೇಲೆ ಇನ್ನೊಂದು. ತಿದ್ದಲಿಲ್ಲ. ಈ ವಾರ ಒಂಬತ್ತು ಹೊಸ ಮಕ್ಕಳು. ಅಮ್ಮ ಈಗ ಬಾಗಿಲಲ್ಲಿ ತರಕಾರಿ ಬಿಡಿಸಲ್ಲ, ಸರದಿಯ ಚೀಟಿ ಕೊಡುತ್ತಾಳೆ.

ಫೆಬ್ರವರಿ 19, ಬುಧವಾರ

ಸೋಮನಹಳ್ಳಿಯ ಚಿಕ್ಕಮಾದು ಅಂತ, ಒಂಬತ್ತು ವರ್ಷದ ಮಗನನ್ನು ಹೊತ್ತು ತಂದಿದ್ದರು. ಫೋನಿನಲ್ಲಿ ಗಗನಳನ್ನು ತೋರಿಸಿ, "ಈ ಮಗೀನಂಗೆ ನಿಲ್ಸಿ ಸಾಕು" ಅಂದರು. ಹುಡುಗನನ್ನು ಪೂರ್ತಿ ಪರೀಕ್ಷಿಸಿ ನೇರ ಹೇಳಿದೆ — ಇವನಿಗೆ ಅದು ಆಗಲ್ಲ, ಕೂರುವುದು, ಕೈಯಾರೆ ಉಣ್ಣುವುದು ಕಲಿಸೋಣ. ಫೋನು ಜೇಬಿಗೆ ಹಾಕಿಕೊಂಡರು. "ಸರಿ, ಅಷ್ಟಾರ ಆಗ್ಲಿ" ಅಂದರು.

ಗುರುತಿಲ್ಲದವರಿಗೆ ಎಷ್ಟು ಸಲೀಸಾಗಿ ಹೇಳಿದೆ.

ಆಮೇಲೆ ದೇವಿರಮ್ಮ ಬಂದರು. ಮುಖದ ತುಂಬಾ ನಗು. ಗಗನಳ ಸ್ಕೂಲಿಗೆ ಅಂಗವಿಕಲ ಮಕ್ಕಳ ಶಿಬಿರದವರು ಬಂದಿದ್ದರಂತೆ. ಅಳತೆ ತೆಗೆದು ಗಾಲಿಕುರ್ಚಿ ಕೊಡುತ್ತೇವೆ ಅಂದರಂತೆ. ಅಜ್ಜಿ ವಿಡಿಯೊ ತೋರಿಸಿ ಬೇಡ ಅಂದು ಬಂದಿದ್ದಾರೆ. "ನಿಂತ್ಕಳೋ ಮಗೀಗೆ ಕುರ್ಚಿ ಯಾಕ್ಲಾ, ಅಂತ ಕೇಳ್ದೆ ಕಣವ್ವ. ಜೂನ್‌ಗೆ ನಡ್ಕಂಡೇ ಓಯ್ತಾಳೆ ಇಸ್ಕೂಲ್ಗೆ."

ನೋಡೋಣ ಅಜ್ಜಿ ಅಂದೆ. ಇವತ್ತೂ ಅಂದೆ.

ಮಾರ್ಚ್ 29, ಶನಿವಾರ

ಐದು ವಾರ ಬರೆದಿಲ್ಲ. ಬರೆದರೆ ಒಪ್ಪಿಕೊಳ್ಳಬೇಕಾಗುತ್ತೆ.

ಗಗನಳ ಎಕ್ಸ್‌ರೇ ಬಂತು. ಬಲಗಡೆ ತೊಡೆಯ ಕೀಲು ಸ್ವಲ್ಪ ಜಾರುತ್ತಿದೆ. ಅಜ್ಜಿಯ ಸೊಂಟದ ಮೇಲೆ ಒಂದೇ ಪಕ್ಕ ಕೂತು ಕೂತು ಮೈಯೂ ಸೊಟ್ಟಗಾಗುತ್ತಿದೆ. ಅವಳಿಗೆ ಈಗ ಬೇಕಾಗಿದ್ದೇ ಅಳತೆಯ ಕುರ್ಚಿ. ಆಸರೆ ಇಲ್ಲದೆ ಅವಳು ನಡೆಯೋದಿಲ್ಲ. ಇದು ನನಗೆ ಅಕ್ಟೋಬರಿನಲ್ಲಿ ಅವಳನ್ನು ಮೊದಲ ಸಲ ನೋಡಿದಾಗಿನಿಂದಲೇ ಗೊತ್ತು.

ಯಾಕೆ ಹೇಳಲಿಲ್ಲ? ಅಜ್ಜಿ ಮನಸ್ಸಿಗೆ ನೋವಾಗುತ್ತೆ ಅಂತ — ಅದು ಅರ್ಧ. ಮೊದಲು ಅವರೊಬ್ಬರೇ ಬರುತ್ತಿದ್ದರು, ಈಗ ಅವರಿಂದಲೇ ಎಲ್ಲರೂ ಬರುತ್ತಿದ್ದಾರೆ. ಅದು ಇನ್ನರ್ಧ.

ಏಪ್ರಿಲ್ 9, ಬುಧವಾರ

ಗಗನ ಫೋನು ಇಸಿದುಕೊಂಡು ತನ್ನ ವಿಡಿಯೊ ನೋಡಿದಳು. ಮುಗಿಯಿತು. ಮತ್ತೆ ನೋಡಿದಳು. ಮುಖ ಗಂಟು ಹಾಕಿದಳು.

"ಮಿಸ್, ನಾನು ಬಿದ್ನಲ್ಲ, ಅದೆಲ್ಲಿ?"

"ಜಾಗ ಸಾಲಲಿಲ್ಲ ಪುಟ್ಟ."

"ನಾವಿಬ್ರೂ ನಗಾಡಿದ್ದು?"

"ಅದೂ ಹೋಯ್ತು."

"ಅದೇ ಚೆಂದಾಗಿತ್ತು" ಅಂದಳು. ಅಜ್ಜಿ ಬಾಗಿಲ ಹೊರಗಿದ್ದರು, ಕೇಳಿಸಿಕೊಳ್ಳಲಿಲ್ಲ. ಇಷ್ಟು ಜನ ನೋಡಿದ್ದಾರೆ, ಒಬ್ಬರೂ ಆಮೇಲೆ ಏನಾಯಿತು ಅಂತ ಕೇಳಿರಲಿಲ್ಲ. ಪೂರ್ತಿ ವಿಡಿಯೊ ಫೋನಿನಲ್ಲೇ ಇದೆ, ಮಗುವಿಗೇ ಸುಳ್ಳು ಹೇಳಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಏಪ್ರಿಲ್ 12, ಶನಿವಾರ

ಅಜ್ಜಿ ಬಸ್ಸಿಳಿಯುವಾಗ ಸೊಂಟ ಹಿಡಿದುಕೊಂಡಿತಂತೆ. ಆದರೂ ಹೊತ್ತುಕೊಂಡೇ ಬಂದರು. ಎರಡನೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಮ್ಮ ಓಡಿ ನೀರು ಕೊಟ್ಟಳು.

ಅವರು ಹೋದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಹೇಳ್ಬುಡು."

"ಹೇಳಿದ್ರೆ ಜನ ಬರಲ್ಲಮ್ಮ. ಷಟರ್ ಎಳೀಬೇಕಾಗುತ್ತೆ."

"ಎಳುದ್ರೆ ಎಳೀತೀಯ. ಆ ಮುದುಕಿ ಸೊಂಟದ ಮೇಲೆ ಅಂಗ್ಡಿ ನಡುಸ್ತೀಯಾ?"

ವನಜಾಗೆ ನಾಳೆ ರಜೆ. ಅತ್ತೆ ಸೊಸೆ ಇಬ್ಬರೂ ಬನ್ನಿ ಅಂತ ಫೋನು ಮಾಡಿದೆ.

ಏಪ್ರಿಲ್ 13, ಭಾನುವಾರ

ಹೇಳಿದೆ. ಮೊದಲು ಬಾಯಲ್ಲಿ. ಆಮೇಲೆ ಫೋನು ಕೈಗೆ ಕೊಟ್ಟು ಇಪ್ಪತ್ತಾರು ಸೆಕೆಂಡೂ ತೋರಿಸಿದೆ.

ದೇವಿರಮ್ಮ ಬಿದ್ದದ್ದನ್ನು ನೋಡಿದರು. ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ವನಜಾ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆ ಕುರ್ಚಿ ಇನ್ನೂ ಸಿಕ್ತದಾ ಮೇಡಂ?" ಅಂದಳು. ಅರ್ಜಿ ಬರೆದು ಇಟ್ಟಿದ್ದೆ, ಕೊಟ್ಟೆ.

ಅಜ್ಜಿ ನನ್ನನ್ನು ನೋಡಿ ಕೇಳಿದ್ದು ಒಂದೇ. "ನಿಂಗೆ ಯಾವತ್ತು ಗೊತ್ತಾಯ್ತವ್ವ?"

"ಅಕ್ಟೋಬರ್‌ನಲ್ಲಿ."

ಬೆರಳು ಮಡಚಿ ಎಣಿಸಿದರು. ಆರು ತಿಂಗಳು. "ವಾರಕ್ಕೆ ಎರಡು ಸಲ ಎತ್ಕಂಡ್ ಬಂದಿವ್ನಿ. ಬಸ್ನಲ್ಲಿ ಕಂಡೋರ್ಗೆಲ್ಲ ತೋರ್ಸಿವ್ನಿ. ನೀನು ನೋಡ್ಕಂಡ್ ಸುಮ್ಕಿದ್ದೆ."

ತಪ್ಪಾಯಿತು ಅಂದೆ. ನಿಜವಾಗಿಯೂ ಅಂದೆ. ಗಗನಳನ್ನು ಸೊಂಟಕ್ಕೇರಿಸಿಕೊಂಡು ಇಳಿದು ಹೋದರು. ಪ್ರತಿ ಸಲ ಮೆಟ್ಟಿಲಿಳಿದು ತಿರುಗಿ "ಬತ್ತೀನಿ ಕಣವ್ವ" ಅನ್ನುವವರು ಇವತ್ತು ಅನ್ನಲಿಲ್ಲ.

ಏಪ್ರಿಲ್ 16, ಬುಧವಾರ

ಮೂರೂವರೆ. ನಾಲ್ಕು. ನಾಲ್ಕೂವರೆ. ಬರಲಿಲ್ಲ.

ಏಪ್ರಿಲ್ 23, ಬುಧವಾರ

ಬರಲಿಲ್ಲ.

ಸ್ಟೇಟಸ್‌ನಲ್ಲಿ "ಆ ವಿಡಿಯೊ ಪೂರ್ತಿ ಅಲ್ಲ, ಆ ಮಗು ನಡೆಯುತ್ತಿಲ್ಲ, ಕಟ್ ಮಾಡಿದ್ದು ನಾನೇ" ಅಂತ ಬರೆದೆ. ಬರುವ ತಂದೆತಾಯಿಗೆಲ್ಲ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ಆರು ಮಕ್ಕಳು ಬರುವುದು ನಿಂತಿತು. ಚಿಕ್ಕಮಾದು ಬಂದರು. "ನಂಗೆ ಮೊದ್ಲೇ ನಿಜ ಏಳಿದ್ರಲ್ಲ" ಅಂದರು. ನಾಚಿಕೆಯಾಯಿತು. ಅವರ ಮಗ ಇವತ್ತು ಚಮಚ ಬಾಯಿಗೆ ಮುಟ್ಟಿಸಿದ.

ಮೇ 28, ಬುಧವಾರ

ವನಜಾ ಫೋನು. ಕುರ್ಚಿ ಬಂದಿದೆ, ಗಗನ ನೆಟ್ಟಗೆ ಕೂರುತ್ತಾಳೆ. ಆದರೆ ಅತ್ತೆ ಅದನ್ನು ಮುಟ್ಟುತ್ತಿಲ್ಲವಂತೆ. ಜಗಲಿ ಮೇಲೆ ಹಳೇ ಸೀರೆ ಹೊದಿಸಿ ಇಟ್ಟಿದ್ದಾರಂತೆ. "ನಾನು ಬೆಳಿಗ್ಗೆ ಓದ್ರೆ ರಾತ್ರಿ ಬರೋದು ಮೇಡಂ. ಅತ್ತೆ ತಳ್ಳುದ್ರೇ ಉಂಟು."

ಬರ್ಲಾ ಅಂದೆ. "ಬ್ಯಾಡಿ, ಈಗ್ಲೇ ಬ್ಯಾಡಿ" ಅಂದಳು.

ಜೂನ್ 11, ಬುಧವಾರ, ಸಂಜೆ 6

ಮೂರೂವರೆಗೆ ಹೊರಗಡೆ ಗಡಗಡ ಸದ್ದು. ಗೊಬ್ಬರದ ಗಾಡಿ ಅಂದುಕೊಂಡೆ.

ದೇವಿರಮ್ಮ. ಬಸ್‌ಸ್ಟ್ಯಾಂಡಿನಿಂದ ತಳ್ಳಿಕೊಂಡು ಬಂದಿದ್ದಾರೆ, ಮೈಯೆಲ್ಲ ಬೆವರು, ರೋಡು ಹಾಕಿದವರಿಗೆ ಬೈಗುಳ. ಕುರ್ಚಿಯಲ್ಲಿ ಗಗನ, ಯೂನಿಫಾರಂ, ಎರಡು ಜಡೆ. ಸೋಮವಾರದಿಂದ ಸ್ಕೂಲು ಶುರುವಾಗಿದೆ.

ಮೆಟ್ಟಿಲ ಕೆಳಗೆ ಕುರ್ಚಿ ನಿಂತಿತು. ಅಜ್ಜಿ ಮೆಟ್ಟಿಲು ನೋಡಿದರು. ನನ್ನನ್ನು ನೋಡಿದರು.

"ಇಸ್ಕೂಲೋರ್ಗೆ ಜಗ್ಳ ಆಡಿ ಇಳ್ಜಾರು ಮಾಡ್ಸಿವ್ನಿ. ಇದ್ಯಾಕವ್ವ ಇಂಗೆ ಕಟ್ಸಿದ್ದೀಯ? ನಡೀನಾರದ ಮಕ್ಳಿಗೆ ತಾನೇ ನಿನ್ ಅಂಗ್ಡಿ?"

ಮೂರು ಮೆಟ್ಟಿಲು. ದಿನಾ ಗುಡಿಸುತ್ತೇನೆ. ಹೊತ್ತು ತಂದವರೆಲ್ಲ ಇಲ್ಲೇ ಏದುಸಿರು ಬಿಟ್ಟಿದ್ದಾರೆ. ಗಾಲಿ ಒಳಗೆ ಬರಬೇಕು ಅನ್ನುವುದು ಬಾಡಿಗೆಗೆ ಹಿಡಿದ ದಿನದಿಂದ ನನಗೆ ಹೊಳೆದೇ ಇಲ್ಲ. ಎಲ್ಲರೂ ನಡೆದೇ ಬರುತ್ತಾರೆ ಅಂದುಕೊಂಡವರಲ್ಲಿ ನಾನೇ ಮೊದಲನೆಯವಳು.

ಅಜ್ಜಿ ನನಗೆ ಕಾಯಲಿಲ್ಲ. ಗೊಬ್ಬರದಂಗಡಿಗೆ ಹೋಗಿ, ಲಾರಿಯಿಂದ ಮೂಟೆ ಇಳಿಸುವ ಅಗಲವಾದ ಉದ್ದನೆ ಹಲಗೆ ಎಳೆದುಕೊಂಡು ಬಂದರು. ಮೆಟ್ಟಿಲ ಮೇಲೆ ಹಾಸಿದೆವು. ಅಮ್ಮ ಹಲಗೆ ಅದುಮಿಕೊಂಡಳು, ನಾನು ಹಿಂದೆ, ಅಜ್ಜಿ ಮುಂದೆ. ಗಗನ ಕುರ್ಚಿ ಮೇಲೆ ಕೂತು, "ಬಿದ್ರೆ ನಗಾಡಣ ಮಿಸ್" ಅಂದಳು. ಬೀಳಲಿಲ್ಲ.

ಒಂದು ಗಂಟೆ ಕೆಲಸ. ಅಜ್ಜಿ ನನ್ನ ಜತೆ ಒಂದು ಮಾತೂ ಆಡಲಿಲ್ಲ. ಗಗನಳನ್ನು ನಿಲ್ಲಿಸುವ ಹೊತ್ತಿಗೆ ಮಾತ್ರ ಎದ್ದು ಬಂದು, ಅವಳು ಬೀಳುವ ಕಡೆ ಮ್ಯಾಟಿನ ಮೇಲೆ ಕೂತರು. ಕಿಟಕಿಯಲ್ಲಿ ಫೋನು ಇಡಲಿಲ್ಲ. ಎಷ್ಟು ಸೆಕೆಂಡು ಅಂತಲೂ ಎಣಿಸಲಿಲ್ಲ.

ಕುರ್ಚಿ ಇಳಿಸಿ ಆದ ಮೇಲೆ ಹಲಗೆ ವಾಪಸ್ ಕೊಡಲು ಎತ್ತಿದೆ. ಅಜ್ಜಿ ಕಾಲಿಟ್ಟು ತಡೆದರು.

"ಇರ್ಲಿ ಬುಡು. ಸನ್ವಾರಕ್ಕೆ ಬೇಕಾಯ್ತದೆ."

ಕುರ್ಚಿ ತಿರುಗಿಸಿಕೊಂಡು ಹೊರಟರು. ನಾನು ಬಾಗಿಲಲ್ಲೇ ಕಾದೆ. ಬತ್ತೀನಿ ಅನ್ನಲಿಲ್ಲ. ಆದರೆ ಹಲಗೆ ಈಗಲೂ ಮೆಟ್ಟಿಲ ಮೇಲೇ ಇದೆ.